ಹ್ರಿಸ್ತೊ ಸ್ತೊಯಿಚ್ಕೊವ್, ಮೈದಾನದಿಂದ ಕೋಚ್ ಬೆಂಚಿನವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಲ್ಗೇರಿಯದ ಫುಟ್‌ಬಾಲ್ ಎಂದ ಕೂಡಲೇ ಮಾತು ಸುತ್ತಿ ಸುತ್ತಿ ಒಬ್ಬರ ಬಳಿಗೇ ಬಂದು ನಿಲ್ಲುತ್ತದೆ. ಆಟಗಾರನಾಗಿ ಅವರನ್ನು ಹೊಗಳದವರಿಲ್ಲ. ಕೋಚ್ ಆಗಿ ಅವರನ್ನು ಹೊಗಳಿದವರನ್ನು ಹುಡುಕಬೇಕು. ಈ ಎರಡು ಮಾತುಗಳ ನಡುವೆ ಹುಟ್ಟುವ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ. ಅಭಿಪ್ರಾಯ ಎಂದು ಕಾಣಿಸುವ ಕಡೆ ಅದು ನನ್ನದೇ, ಜಗಳಕ್ಕೆ ಬರುವವರು ಬರಬಹುದು.

ಈ ಹೆಸರನ್ನು ಓದುವುದು ಹೇಗೆ?

ಸ್ತೊ-ಯಿಚ್-ಕೊವ್. ಒತ್ತು ನಡುವಿನ ‘ಯಿಚ್’ ಮೇಲೆ. ಕೊನೆಯ ‘ವ್’ ಬಲ್ಗೇರಿಯದವರ ಬಾಯಲ್ಲಿ ‘ಫ್’ ಎಂದೇ ಕೇಳಿಸುತ್ತದೆ. ಅಷ್ಟು ಕಷ್ಟಪಡುವುದು ಬೇಡ ಎನಿಸಿದರೆ ಅಭಿಮಾನಿಗಳು ಇಟ್ಟ ಅಡ್ಡಹೆಸರು ಇದೆ: ‘ಕಾಮಾತಾ’, ಅಂದರೆ ಕಠಾರಿ.

ಅವರು ಎಲ್ಲಿಯವರು, ಆಟ ಶುರುವಾದದ್ದು ಎಲ್ಲಿ?

1966ರ ಫೆಬ್ರವರಿ 8ರಂದು ಬಲ್ಗೇರಿಯದ ಎರಡನೆಯ ದೊಡ್ಡ ನಗರ ಪ್ಲೊವ್ದಿವ್‌ನಲ್ಲಿ ಜನಿಸಿದರು. ಅಲ್ಲಿನ ಮಾರಿತ್ಸಾ ಕ್ಲಬ್ಬಿನಲ್ಲಿ ಕಲಿತು, ದಕ್ಷಿಣದ ಹರ್ಮನ್ಲಿ ಎಂಬ ಸಣ್ಣ ಊರಿನ ಹೆಬ್ರೊಸ್ ತಂಡದಲ್ಲಿ ಪಳಗಿ, 1984ರಲ್ಲಿ ರಾಜಧಾನಿ ಸೋಫಿಯಾದ ಸಿಎಸ್‌ಕೆಎ ಸೇರಿದರು. ಸಿಎಸ್‌ಕೆಎ ಎಂದರೆ ಸೇನೆಯ ತಂಡ. ಅದರ ಬದ್ಧವೈರಿ ಲೆವ್‌ಸ್ಕಿಯ ಬೆನ್ನಿಗೆ ಇದ್ದದ್ದು ಒಳಾಡಳಿತ ಸಚಿವಾಲಯ. ಒಂದು ಕಡೆ ಸೈನಿಕರು, ಇನ್ನೊಂದು ಕಡೆ ಪೊಲೀಸರು. ಇವರಿಬ್ಬರ ಪಂದ್ಯ ಹೇಗಿರುತ್ತಿತ್ತು ಎಂಬುದನ್ನು ಮುಂದಿನ ಉತ್ತರದಲ್ಲಿ ನೋಡಿ.

ಹತ್ತೊಂಬತ್ತನೆಯ ವಯಸ್ಸಿಗೇ ಆಜೀವ ನಿಷೇಧ ಬಿದ್ದಿತ್ತಂತೆ, ನಿಜವೇ?

ನಿಜ. 1985ರ ಜೂನ್‌ನಲ್ಲಿ ನಡೆದ ಬಲ್ಗೇರಿಯ ಕಪ್ ಫೈನಲ್ ಅದು. ಸಿಎಸ್‌ಕೆಎ 2-1ರಿಂದ ಗೆದ್ದಿತು, ಆದರೆ ಆ ಅಂಕಿ ಯಾರಿಗೂ ನೆನಪಿಲ್ಲ. ನೆನಪಿರುವುದು ಹೊಡೆದಾಟ ಮಾತ್ರ. ದೇಶವನ್ನು ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷ ಎರಡೂ ಕ್ಲಬ್ಬುಗಳನ್ನು ವಿಸರ್ಜಿಸಿ, ಹೊಸ ಹೆಸರು ಕೊಟ್ಟು ಮತ್ತೆ ಕಟ್ಟಿತು. ಸಿಎಸ್‌ಕೆಎ ‘ಸ್ರೆದೆತ್ಸ್’ ಆಯಿತು, ಲೆವ್‌ಸ್ಕಿ ‘ವಿತೊಶಾ’ ಆಯಿತು. ಕೆಲವು ಆಟಗಾರರಿಗೆ ಬದುಕಿರುವವರೆಗೂ ಆಡಬಾರದೆಂಬ ಶಿಕ್ಷೆ. ಅವರಲ್ಲಿ ಒಬ್ಬರು ಸ್ತೊಯಿಚ್ಕೊವ್, ಎದುರು ತಂಡದಿಂದ ಇನ್ನೊಬ್ಬರು ಗೋಲ್‌ಕೀಪರ್ ಬೊರಿಸ್ಲಾವ್ ಮಿಹೈಲೊವ್. ಈ ಎರಡನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಆಜೀವ ಎಂದದ್ದು ಒಂದು ವರ್ಷದೊಳಗೇ ಸಡಿಲವಾಯಿತು, ಆಟಗಾರರು ಮೈದಾನಕ್ಕೆ ಮರಳಿದರು. ಪ್ರತಿಭೆ ಇರುವವರನ್ನು ಬಹಳ ದಿನ ಹೊರಗಿಡುವುದು ಯಾವ ಪಕ್ಷಕ್ಕೂ ಕಷ್ಟ.

ಬಾರ್ಸಿಲೋನಾ ಅವರನ್ನು ಎಲ್ಲಿ ಕಂಡಿತು?

ತನ್ನದೇ ಅಂಗಳದಲ್ಲಿ. 1989ರಲ್ಲಿ, ಯುರೋಪಿನ ದೇಶ ದೇಶಗಳ ಕಪ್ ಗೆದ್ದ ತಂಡಗಳು ಸೆಣಸುವ ಕಪ್ ವಿನ್ನರ್ಸ್ ಕಪ್‌ನ ಸೆಮಿಫೈನಲ್‌ನಲ್ಲಿ ಸೋಫಿಯಾದ ತಂಡ ಬಾರ್ಸಿಲೋನಾವನ್ನು ಎದುರಿಸಿತು. ಕ್ಯಾಂಪ್ ನೌನಲ್ಲಿ 4-2, ಸೋಫಿಯಾದಲ್ಲಿ 2-1, ಎರಡನ್ನೂ ಬಾರ್ಸಿಲೋನಾ ಗೆದ್ದಿತು. ಆದರೆ ಸೋತ ತಂಡದ ಮೂರೂ ಗೋಲು ಒಬ್ಬನದೇ. ಆ ಕಾಲದ ಬಾರ್ಸಿಲೋನಾ ಕೋಚ್ ಜೊಹಾನ್ ಕ್ರೈಫ್ ಇಂಥದನ್ನು ಮರೆಯುವವರಲ್ಲ. ಮರುವರ್ಷ ಸ್ತೊಯಿಚ್ಕೊವ್ ಬಲ್ಗೇರಿಯ ಲೀಗ್‌ನಲ್ಲಿ 38 ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಯುರೋಪಿನ ಚಿನ್ನದ ಬೂಟನ್ನು ರಿಯಲ್ ಮ್ಯಾಡ್ರಿಡ್‌ನ ಹ್ಯೂಗೊ ಸ್ಯಾಂಚೆಜ್ ಜೊತೆ ಹಂಚಿಕೊಂಡರು. 1990ರ ಬೇಸಿಗೆಯಲ್ಲಿ ಸ್ಪೇನ್‌ಗೆ ಹೊರಟರು.

ರೆಫರಿಯ ಕಾಲು ತುಳಿದ ಕಥೆ ಏನು?

ಸ್ಪೇನ್‌ಗೆ ಕಾಲಿಟ್ಟು ಇನ್ನೂ ಆರು ತಿಂಗಳು ತುಂಬಿರಲಿಲ್ಲ. 1990ರ ಡಿಸೆಂಬರ್, ರಿಯಲ್ ಮ್ಯಾಡ್ರಿಡ್ ವಿರುದ್ಧ ಸೂಪರ್ ಕಪ್ ಪಂದ್ಯ. ಕ್ರೈಫ್ ಅವರನ್ನು ರೆಫರಿ ಹೊರಗೆ ಕಳಿಸಿದರು. ಅದನ್ನು ಪ್ರಶ್ನಿಸಲು ಹೋದ ಸ್ತೊಯಿಚ್ಕೊವ್‌ಗೂ ಕೆಂಪು ಕಾರ್ಡ್ ಸಿಕ್ಕಿತು. ಆಗ ಅವರು ರೆಫರಿ ಉರಿಸಾರ್ ಅಸ್ಪಿತಾರ್ತೆ ಅವರ ಪಾದದ ಮೇಲೆ ಬೂಟುಗಾಲು ಊರಿಬಿಟ್ಟರು. ಮೊದಲು ಆರು ತಿಂಗಳ ನಿಷೇಧ ಎಂದರು, ಆಮೇಲೆ ಅದನ್ನು ಇಳಿಸಿದರು.

ಕ್ರೈಫ್‌ಗೆ ಈ ಸಿಟ್ಟು ಅಷ್ಟೇನೂ ಬೇಡದ ಸರಕಾಗಿರಲಿಲ್ಲ. ಅಂದವಾಗಿ ಆಡುವವರು ಅವರ ಬಳಿ ಆಗಲೇ ಬೇಕಾದಷ್ಟಿದ್ದರು. ಎದುರಾಳಿ ಕೆಣಕಿದರೆ ತಿರುಗಿ ಬೀಳುವ ಒಬ್ಬ ಬೇಕಿತ್ತು, ಆ ಒಬ್ಬ ಸಿಕ್ಕಿದ.

ಕ್ರೈಫ್ ಕಟ್ಟಿದ ಬಾರ್ಸಿಲೋನಾದ ‘ಕನಸಿನ ತಂಡ’ದಲ್ಲಿ ಅವರ ಪಾತ್ರವೇನು?

ಎಡಗಾಲಿನ ಮುನ್ಪಡೆ ಆಟಗಾರ, ಬೆನ್ನ ಮೇಲೆ ಎಂಟನೆಯ ಸಂಖ್ಯೆ. 1991ರಿಂದ 1994ರವರೆಗೆ ಸತತ ನಾಲ್ಕು ಸ್ಪೇನ್ ಲೀಗ್ ಪ್ರಶಸ್ತಿ. ನಡುವೆ 1992ರ ಮೇ 20ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಟಲಿಯ ಸ್ಯಾಂಪ್‌ಡೋರಿಯಾ ವಿರುದ್ಧ ಬಾರ್ಸಿಲೋನಾದ ಮೊಟ್ಟಮೊದಲ ಯುರೋಪಿಯನ್ ಕಪ್.

ಆ ಫೈನಲ್‌ನ ಏಕೈಕ ಗೋಲು ರೊನಾಲ್ಡ್ ಕೂಮನ್ ಹೆಸರಿನಲ್ಲಿದೆ, ಇರಲಿ. ಆದರೆ ದೃಶ್ಯವನ್ನು ನಿಧಾನಕ್ಕೆ ನೋಡಿ. ಹೆಚ್ಚುವರಿ ಅವಧಿ, 112ನೆಯ ನಿಮಿಷ. ಫ್ರೀಕಿಕ್ ಚೆಂಡಿನ ಮುಂದೆ ನಿಂತಿರುವುದು ಸ್ತೊಯಿಚ್ಕೊವ್. ಅವರು ಅದನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತಾರೆ, ಜೊತೆಯಾಟಗಾರ ಬಕೇರೊ ಪಾದವಿಟ್ಟು ನಿಲ್ಲಿಸುತ್ತಾರೆ, ಓಡಿ ಬಂದ ಕೂಮನ್ ಒದೆಯುತ್ತಾರೆ. ಆ ಸಣ್ಣ ತಳ್ಳುವಿಕೆಯಿಂದ ರಕ್ಷಣಾ ಗೋಡೆಯ ಲೆಕ್ಕ ತಪ್ಪಿತು. ಅದೇ ಪಂದ್ಯದಲ್ಲಿ ಸ್ತೊಯಿಚ್ಕೊವ್ ಒದ್ದ ಒಂದು ಚೆಂಡು ಕಂಬಕ್ಕೆ ಬಡಿದು ವಾಪಸಾಗಿತ್ತು.

1993ರಲ್ಲಿ ಬ್ರೆಜಿಲ್‌ನ ರೊಮಾರಿಯೊ ಬಂದರು. ಇಬ್ಬರೂ ಹಟಮಾರಿಗಳು, ಆದರೂ ಗಳಸ್ಯ ಕಂಠಸ್ಯ ಗೆಳೆಯರಾದರು. ತೊಂದರೆ ಇದ್ದದ್ದು ಬೇರೆ ಕಡೆ. ಆಗಿನ ನಿಯಮದಂತೆ ಮೂವರು ವಿದೇಶಿಯರಷ್ಟೇ ಆಡಬಹುದಿತ್ತು. ಬಾರ್ಸಿಲೋನಾದ ಬಳಿ ಕೂಮನ್, ಲೌಡ್ರಪ್, ಸ್ತೊಯಿಚ್ಕೊವ್, ರೊಮಾರಿಯೊ ಎಂಬ ನಾಲ್ವರು. 1994ರಲ್ಲಿ ಅಥೆನ್ಸ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಲೌಡ್ರಪ್ ಹೊರಗುಳಿದರು. ಮಿಲಾನ್ 4-0ಯಿಂದ ಗೆದ್ದಿತು. ಕನಸು ಅಲ್ಲಿಗೆ ಒಡೆಯಿತು. ಎರಡು ತಿಂಗಳೊಳಗೆ ಸ್ತೊಯಿಚ್ಕೊವ್ ಬೇರೆಯೇ ಬಣ್ಣದ ಅಂಗಿಯಲ್ಲಿ ಅದರ ಸೇಡು ತೀರಿಸಿಕೊಂಡಂತೆ ಆಡಿದರು.

1994ಕ್ಕೆ ಮುಂಚೆ ವಿಶ್ವಕಪ್‌ನಲ್ಲಿ ಬಲ್ಗೇರಿಯದ ಸ್ಥಿತಿ ಹೇಗಿತ್ತು?

ಐದು ವಿಶ್ವಕಪ್, ಹದಿನಾರು ಪಂದ್ಯ, ಸೊನ್ನೆ ಗೆಲುವು. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಅರ್ಹತೆ ಸಿಕ್ಕಿದ್ದೇ ಪವಾಡ ಎನ್ನುತ್ತಾರಲ್ಲ?

1993ರ ನವೆಂಬರ್ 17, ಪ್ಯಾರಿಸ್. ಫ್ರಾನ್ಸ್‌ಗೆ ಡ್ರಾ ಸಾಕಿತ್ತು, ಪಂದ್ಯ 1-1ರಲ್ಲಿ ನಿಂತಿತ್ತು, ಗಡಿಯಾರ ತೊಂಬತ್ತನೆಯ ನಿಮಿಷ ತೋರಿಸುತ್ತಿತ್ತು. ಚೆಂಡು ತಮ್ಮ ಕಾಲಲ್ಲೇ ಇದ್ದರೂ ಫ್ರೆಂಚರು ಅದನ್ನು ಮೂಲೆಯಲ್ಲಿ ಹಿಡಿದಿಟ್ಟುಕೊಳ್ಳದೆ ಮುಂದಕ್ಕೆ ಎತ್ತಿ ಹೊಡೆದು ಕಳೆದುಕೊಂಡರು. ಬಲಗಡೆಯಿಂದ ನುಗ್ಗಿದ ಎಮಿಲ್ ಕೊಸ್ತಾದಿನೊವ್ ಗೋಲಿನ ಮೇಲ್ಕಂಬಿಗೆ ತಾಗುವಂತೆ ಒಳಗೆ ಬಡಿದರು. 2-1. ‘ದೇವರು ಬಲ್ಗೇರಿಯದವನು’ ಎಂದು ವೀಕ್ಷಕ ವಿವರಣೆಗಾರ ನಿಕೊಲಾಯ್ ಕೊಲೆವ್ ಕೂಗಿದ್ದು ಆ ದೇಶದಲ್ಲಿ ಇವತ್ತಿಗೂ ನಾಣ್ಣುಡಿಯಂತೆ ಓಡಾಡುತ್ತದೆ. ಆ ರಾತ್ರಿ ಎರಡೂ ಗೋಲು ಕೊಸ್ತಾದಿನೊವ್ ಅವರದು, ಸ್ತೊಯಿಚ್ಕೊವ್ ಅವರದಲ್ಲ. ಕಥಾನಾಯಕನನ್ನು ಹೊಗಳಿ ಬರೆಯುವವರು ಇದನ್ನು ಹಾರಿಸಿಬಿಡುವುದುಂಟು.

ಅಮೆರಿಕದಲ್ಲಿ ಏನು ನಡೆಯಿತು?

ಮೊದಲ ಪಂದ್ಯದಲ್ಲಿ ನೈಜೀರಿಯಾ 3-0ಯಿಂದ ತದುಕಿತು. ಹಳೆಯ ರಾಗವೇ ಮತ್ತೆ ಎಂದುಕೊಳ್ಳುವಷ್ಟರಲ್ಲಿ ಗ್ರೀಸ್ ವಿರುದ್ಧ 4-0. ಅದರಲ್ಲಿ ಸ್ತೊಯಿಚ್ಕೊವ್ ಅವರ ಎರಡು ಪೆನಾಲ್ಟಿ. ಮೂವತ್ತೆರಡು ವರ್ಷ ಕಾದ ಮೊದಲ ಗೆಲುವು ಅದು. ಬಳಿಕ ಅರ್ಜೆಂಟೀನಾ ವಿರುದ್ಧ 2-0, ಮೆಕ್ಸಿಕೊ ವಿರುದ್ಧ 1-1ರ ನಂತರ ಪೆನಾಲ್ಟಿ ಒದೆತದಲ್ಲಿ ಜಯ. ಎರಡರಲ್ಲೂ ಸ್ತೊಯಿಚ್ಕೊವ್ ಗೋಲು.

ಜುಲೈ 10ರಂದು ನ್ಯೂಯಾರ್ಕ್ ಪಕ್ಕದ ಜಯಂಟ್ಸ್ ಕ್ರೀಡಾಂಗಣದಲ್ಲಿ ಕ್ವಾರ್ಟರ್‌ಫೈನಲ್, ಎದುರಿಗೆ ಹಾಲಿ ಚಾಂಪಿಯನ್ ಜರ್ಮನಿ. ಅಲ್ಲಿ ನಡುಮಧ್ಯಾಹ್ನದ ಬಿಸಿಲು, ನಮ್ಮಲ್ಲಿ ಊಟ ಮುಗಿಸಿ ಟಿವಿ ಮುಂದೆ ಕೂರುವ ರಾತ್ರಿ ಒಂಬತ್ತೂವರೆ. 47ನೆಯ ನಿಮಿಷದಲ್ಲಿ ಮಥಾಯಸ್ ಪೆನಾಲ್ಟಿ ಒದ್ದು ಜರ್ಮನಿಯನ್ನು ಮುಂದಿಟ್ಟರು. 75ನೆಯ ನಿಮಿಷದಲ್ಲಿ ಸ್ತೊಯಿಚ್ಕೊವ್‌ಗೆ ಫ್ರೀಕಿಕ್ ಸಿಕ್ಕಿತು. ಎಡಗಾಲಿನ ಒದೆತ ಗೋಡೆಯ ತಲೆಯ ಮೇಲಿಂದ ಬಾಗಿ ಇಳಿಯಿತು, ಗೋಲ್‌ಕೀಪರ್ ಇಲ್‌ಗ್ನರ್ ನಿಂತಲ್ಲೇ ನಿಂತು ನೋಡಿದರು. ಮೂರೇ ನಿಮಿಷ. ಬಲಬದಿಯಿಂದ ಯಾಂಕೊವ್ ಎತ್ತಿಕೊಟ್ಟ ಚೆಂಡಿಗೆ ಯೊರ್ದಾನ್ ಲೆಚ್ಕೊವ್ ಮೈಚಾಚಿ ಹಾರಿದರು. ಬೋಳುತಲೆ, ಹಣೆಯ ಮೇಲೊಂದು ಕೂದಲಿನ ಕುಚ್ಚು. ಅವರನ್ನು ತಡೆಯಬೇಕಿದ್ದವರು ಜರ್ಮನಿಯ ಕುಳ್ಳ ಆಟಗಾರ ಹೆಸ್ಲರ್. 2-1. ಲೆಚ್ಕೊವ್ ಆಗ ಆಡುತ್ತಿದ್ದದ್ದು ಜರ್ಮನಿಯದೇ ಹ್ಯಾಂಬರ್ಗ್ ಕ್ಲಬ್ಬಿಗೆ. ಉಂಡ ಮನೆ ಎಂಬ ಮಾತು ಫುಟ್‌ಬಾಲಿಗೆ ಅನ್ವಯಿಸುವುದಿಲ್ಲ.

ಸೆಮಿಫೈನಲ್‌ನಲ್ಲಿ ಮೋಸವಾಯಿತೇ?

ಇಟಲಿಯ ರೊಬರ್ಟೊ ಬ್ಯಾಜಿಯೊ ಐದು ನಿಮಿಷದೊಳಗೆ ಎರಡು ಗೋಲು ಹೊಡೆದರು, ಸ್ತೊಯಿಚ್ಕೊವ್ ಮೊದಲರ್ಧದ ಕೊನೆಗೆ ಪೆನಾಲ್ಟಿಯಿಂದ ಒಂದನ್ನು ತೀರಿಸಿದರು, ಪಂದ್ಯ 2-1ಕ್ಕೇ ಮುಗಿಯಿತು. ಚೆಂಡು ಇಟಲಿಯವರ ಕೈಗೆ ತಗುಲಿದ್ದಕ್ಕೆ ಇನ್ನೊಂದು ಪೆನಾಲ್ಟಿ ಕೊಡಬೇಕಿತ್ತು ಎಂಬುದು ಬಲ್ಗೇರಿಯದ ವಾದ. ರೆಫರಿ ಜೊಯೆಲ್ ಕಿನ್ಯೂ ಫ್ರಾನ್ಸ್‌ನವರು. ಪ್ಯಾರಿಸ್‌ನ ಆ ರಾತ್ರಿಯನ್ನು ನೆನೆದವರು ಎರಡನ್ನೂ ಗಂಟು ಹಾಕಿದರು, ಸ್ತೊಯಿಚ್ಕೊವ್ ಅಂತೂ ಮುಚ್ಚುಮರೆಯಿಲ್ಲದೆ ಹಾಕಿದರು. ನನ್ನ ಮಟ್ಟಿಗೆ ಮೊದಲರ್ಧದಲ್ಲಿ ಇಟಲಿ ಎಷ್ಟೋ ಮೇಲಿತ್ತು, ಪೆನಾಲ್ಟಿಯ ವಾದ ಆಮೇಲಿನದು. ಮೂರನೆಯ ಸ್ಥಾನದ ಪಂದ್ಯದಲ್ಲಿ ಸ್ವೀಡನ್ 4-0ಯಿಂದ ಗೆದ್ದಿತು. ಬಲ್ಗೇರಿಯದವರಿಗೆ ಅಷ್ಟರಲ್ಲಿ ಕಾಲೂ ಉಳಿದಿರಲಿಲ್ಲ, ಮನಸ್ಸೂ ಉಳಿದಿರಲಿಲ್ಲ.

ಆರು ಗೋಲುಗಳೊಂದಿಗೆ ಸ್ತೊಯಿಚ್ಕೊವ್ ರಷ್ಯಾದ ಒಲೆಗ್ ಸಲೆಂಕೊ ಜೊತೆ ಚಿನ್ನದ ಬೂಟು ಹಂಚಿಕೊಂಡರು.

ವಿಶ್ವಕಪ್ ಗೆದ್ದ ರೊಮಾರಿಯೊ ಇರುವಾಗ ಬಾಲನ್ ದೋರ್ ಇವರಿಗೆ ಹೇಗೆ?

ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಆ ಪ್ರಶಸ್ತಿ ಆ ವರ್ಷದವರೆಗೂ ಯುರೋಪ್ ದೇಶಗಳ ಆಟಗಾರರಿಗಷ್ಟೇ ಮೀಸಲು. ರೊಮಾರಿಯೊ ಪಟ್ಟಿಯಲ್ಲೇ ಇರಲಿಲ್ಲ. ಬ್ಯಾಜಿಯೊ ಎರಡನೆಯವರು, ಪಾವ್ಲೊ ಮಾಲ್ದೀನಿ ಮೂರನೆಯವರು. 1992ರಲ್ಲಿ ವಾನ್ ಬಾಸ್ಟನ್ ಹಿಂದೆ ಎರಡನೆಯವರಾಗಿದ್ದ ಸ್ತೊಯಿಚ್ಕೊವ್‌ಗೆ ಬಾಕಿ ಸಂದಂತಾಯಿತು. ಬಲ್ಗೇರಿಯಕ್ಕೆ ಈವರೆಗೆ ಬಂದಿರುವುದು ಆ ಒಂದೇ.

ಆಮೇಲೆ ಎಲ್ಲೆಲ್ಲಿ ಆಡಿದರು?

ಕ್ರೈಫ್ ಜೊತೆ ಹಳಸಿ 1995ರಲ್ಲಿ ಇಟಲಿಯ ಪಾರ್ಮಾಕ್ಕೆ ಹೋದರು, ಅಲ್ಲಿ ಹೊಂದಲಿಲ್ಲ, ಒಂದೇ ವರ್ಷಕ್ಕೆ ಬಾರ್ಸಿಲೋನಾಕ್ಕೆ ಮರಳಿದರು. 1996ರ ಯುರೋ ಕಪ್‌ನಲ್ಲಿ ಬಲ್ಗೇರಿಯ ಗುಂಪಿನಲ್ಲೇ ಹೊರಬಿದ್ದರೂ ಮೂರು ಪಂದ್ಯಗಳಲ್ಲಿ ಮೂರು ಗೋಲು ಅವರವೇ. 1998ರಲ್ಲಿ ಸೌದಿಯ ಅಲ್ ನಸ್ರ್‌ಗೆ ಸ್ವಲ್ಪ ದಿನ ಆಡಿ, ಏಷ್ಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನ ಗೆಲುವಿನ ಗೋಲು ಹೊಡೆದರು. ಕ್ರಿಸ್ಟಿಯಾನೊ ರೊನಾಲ್ಡೊ ಸೇರಿದ ಮೇಲಷ್ಟೇ ಆ ಕ್ಲಬ್ಬಿನ ಹೆಸರು ಕೇಳಿದವರಿಗೆ ಇದು ಆಶ್ಚರ್ಯವಾಗಬಹುದು. ನಂತರ ಜಪಾನ್‌ನ ಕಶಿವಾ ರೆಯ್ಸೊಲ್, ಅಮೆರಿಕದ ಶಿಕಾಗೊ ಫೈರ್, ಕೊನೆಗೆ ಡಿ.ಸಿ. ಯುನೈಟೆಡ್. ಅಲ್ಲಿ ಕಾಲೇಜು ತಂಡದೊಡನೆ ನಡೆದ ಅಭ್ಯಾಸ ಪಂದ್ಯವೊಂದರಲ್ಲಿ ಅವರ ಒರಟು ಆಟದಿಂದ ಒಬ್ಬ ವಿದ್ಯಾರ್ಥಿಯ ಕಾಲು ಮುರಿಯಿತು. ಸಿಟ್ಟಿನ ಕಥೆಗಳನ್ನು ನಗುತ್ತಾ ಹೇಳುವ ನಾವು ಇದನ್ನೂ ಹೇಳಬೇಕು. 2003ರಲ್ಲಿ ಬೂಟು ಕಳಚಿಟ್ಟರು. ದೇಶದ ಪರ 83 ಪಂದ್ಯ, 37 ಗೋಲು.

ಕೋಚ್ ಆದದ್ದು ಯಾವಾಗ?

ಮರುವರ್ಷವೇ. 2004ರ ಯುರೋ ಕಪ್‌ನಲ್ಲಿ ಬಲ್ಗೇರಿಯ ಮೂರಕ್ಕೆ ಮೂರೂ ಪಂದ್ಯ ಸೋತಿತು. ಪ್ಲಾಮೆನ್ ಮಾರ್ಕೊವ್ ಹೋದರು, ಸ್ತೊಯಿಚ್ಕೊವ್ ಬಂದರು. ಸಣ್ಣ ಕ್ಲಬ್ಬಿನಲ್ಲಿ ಮುಖ್ಯ ಕೋಚ್ ಆಗಿ ನಾಲ್ಕು ದಿನ ಕೈಸುಟ್ಟುಕೊಂಡ ಅನುಭವವೂ ಇಲ್ಲದೆ ನೇರವಾಗಿ ರಾಷ್ಟ್ರೀಯ ತಂಡ. ಜನ ಬಯಸಿದ್ದು ಕೋಚ್ ಅನ್ನಲ್ಲ, 1994ನ್ನು.

2006ರ ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಕ್ರೊಯೇಷಿಯಾ ಮತ್ತು ಸ್ವೀಡನ್ ಇದ್ದವು. ಕ್ರೊಯೇಷಿಯಾ ನೆಲದಲ್ಲಿ 2-2 ಡ್ರಾ ಮಾಡಿಕೊಂಡಾಗ ಆಸೆ ಚಿಗುರಿತ್ತು. ಸ್ವೀಡನ್ ಎರಡು ಸಲವೂ 3-0ಯಿಂದ ಬಡಿದು ಅದನ್ನು ಚಿವುಟಿತು. ಬಲ್ಗೇರಿಯ ಮೂರನೆಯ ಸ್ಥಾನದಲ್ಲಿ ಉಳಿಯಿತು. ಆ ತಂಡದಲ್ಲಿ ಗೋಲು ಹೊಡೆಯುವುದರಲ್ಲಿ ಹೆಸರಾದ ದಿಮಿತರ್ ಬೆರ್ಬಾತೊವ್ ಇದ್ದರು ಎಂಬುದನ್ನು ನೆನೆದರೆ ಇನ್ನಷ್ಟು ಬೇಸರವಾಗುತ್ತದೆ.

ಸ್ತಿಲಿಯಾನ್ ಪೆತ್ರೊವ್ ಜೊತೆ ಏನಾಯಿತು?

ಪೆತ್ರೊವ್ ತಂಡದ ನಾಯಕ, ಬ್ರಿಟನ್ನಿನ ಸೆಲ್ಟಿಕ್ ಮತ್ತು ಆಸ್ಟನ್ ವಿಲ್ಲಾದಲ್ಲಿ ಹೆಸರು ಮಾಡಿದವರು. 2006ರಲ್ಲಿ ಕೋಚ್ ಜೊತೆ ವಿರಸ ಬೆಳೆದು ರಾಷ್ಟ್ರೀಯ ತಂಡವನ್ನೇ ತೊರೆಯುವುದಾಗಿ ಹೇಳಿದರು. ಇನ್ನೂ ಕೆಲವರು ಮುನಿಸಿಕೊಂಡರು. ಪೆತ್ರೊವ್ ಆಮೇಲೆ ತಂಡಕ್ಕೆ ಮರಳಿದರು, ಆದರೆ ಒಡೆದ ಮಡಕೆಗೆ ಅಂಟು ಹಾಕಿದಷ್ಟೇ. ನಾಯಕನಿಗೂ ಕೋಚ್‌ಗೂ ಮಾತಿಲ್ಲದ ಕೋಣೆಯಲ್ಲಿ ಉಳಿದವರು ಯಾರ ಮುಖ ನೋಡಬೇಕು?

ಸೋಲದೆಯೇ ರಾಜೀನಾಮೆ ಕೊಟ್ಟರು ಎಂಬುದು ಸರಿಯೇ?

2008ರ ಯುರೋ ಕಪ್ ಅರ್ಹತಾ ಸುತ್ತಿನ ಮಟ್ಟಿಗೆ ಸರಿ. ರೊಮೇನಿಯಾ ವಿರುದ್ಧ ಎರಡು ಗೋಲು ಹಿಂದಿದ್ದು 2-2, ಸ್ಲೊವೇನಿಯಾ ವಿರುದ್ಧ 3-0, ನೆದರ್ಲೆಂಡ್ಸ್ ವಿರುದ್ಧ 1-1, ಲಕ್ಸೆಂಬರ್ಗ್ ವಿರುದ್ಧ 1-0. ನಂತರ 2007ರ ಮಾರ್ಚ್‌ನಲ್ಲಿ ಅಲ್ಬೇನಿಯಾ ಎದುರು ತಾಯ್ನೆಲದಲ್ಲಿ 0-0. ಐದು ಪಂದ್ಯ, ಒಂದೂ ಸೋಲಿಲ್ಲ. ಏಪ್ರಿಲ್‌ನಲ್ಲಿ ಕುರ್ಚಿ ಬಿಟ್ಟರು. ಫಲಿತಾಂಶ ಹಾಳೆಯನ್ನಷ್ಟೇ ನೋಡುವವರಿಗೆ ಅರ್ಥವಾಗದ ವಿದಾಯ ಇದು.

ಆಗ ಬಲ್ಗೇರಿಯ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರು ಯಾರು ಗೊತ್ತೇ? 1985ರಲ್ಲಿ ಅವರೊಂದಿಗೇ ನಿಷೇಧಕ್ಕೊಳಗಾಗಿ, 1994ರಲ್ಲಿ ತಂಡದ ನಾಯಕನಾಗಿದ್ದ ಗೋಲ್‌ಕೀಪರ್ ಬೊರಿಸ್ಲಾವ್ ಮಿಹೈಲೊವ್.

ಕ್ಲಬ್ಬುಗಳಲ್ಲಿ ಅವರ ಕೋಚಿಂಗ್ ಹೇಗಿತ್ತು?

ಬಲ್ಗೇರಿಯ ಬಿಟ್ಟ ತಿಂಗಳಲ್ಲೇ ಸ್ಪೇನ್‌ನ ಸೆಲ್ಟಾ ವಿಗೊ ಕರೆಯಿತು. ಮುಳುಗುತ್ತಿದ್ದ ದೋಣಿ ಅದು, ಲೀಗ್‌ನ ಕೊನೆಯ ಕೆಲವೇ ಪಂದ್ಯಗಳು ಉಳಿದಿದ್ದವು. ಸೆಲ್ಟಾ ಎರಡನೆಯ ದರ್ಜೆಗೆ ಇಳಿಯಿತು. ಅಲ್ಲಿಯೂ ತಂಡ ಚೇತರಿಸದಾಗ ಅಕ್ಟೋಬರ್‌ನಲ್ಲಿ ಅವರನ್ನು ಕಳಿಸಿಕೊಟ್ಟರು.

2009ರಲ್ಲಿ ದಕ್ಷಿಣ ಆಫ್ರಿಕದ ಮಮೆಲೊಡಿ ಸನ್‌ಡೌನ್ಸ್. ಅಲ್ಲಿ ತಂಡ ಲೀಗ್‌ನಲ್ಲಿ ಎರಡನೆಯ ಸ್ಥಾನ ಪಡೆಯಿತು. ಅವರ ಕೋಚಿಂಗ್ ಬದುಕಿನಲ್ಲಿ ನಾನು ಒಳ್ಳೆಯದೆಂದು ಎತ್ತಿ ತೋರಿಸಬಹುದಾದ ವರ್ಷ ಇದೇ. ಆದರೆ ಹಣವಂತ ಕ್ಲಬ್ಬಿನಲ್ಲಿ ಎರಡನೆಯ ಸ್ಥಾನಕ್ಕೆ ಬೆಲೆ ಕಡಿಮೆ, ಒಂದೇ ಋತುವಿಗೆ ಮುಗಿಯಿತು. 2012ರ ಆರಂಭದಲ್ಲಿ ತಾಯ್ನಾಡಿನ ಲಿತೆಕ್ಸ್ ಲೊವೆಚ್, ಅದೂ 2013ರವರೆಗೆ.

ಸಿಎಸ್‌ಕೆಎಗೆ ಕೋಚ್ ಆಗಿ ಒಂದು ಪಂದ್ಯವನ್ನೂ ಆಡಿಸಲಿಲ್ಲವೇ?

ಒಂದು ಅಧಿಕೃತ ಪಂದ್ಯವನ್ನೂ ಆಡಿಸಲಿಲ್ಲ. 2013ರ ಬೇಸಿಗೆಯಲ್ಲಿ ಹಳೆಯ ಮನೆಗೆ ಬಂದರು. ಕ್ಲಬ್ಬು ಹಣದ ಮುಗ್ಗಟ್ಟಿನಲ್ಲಿ ಒದ್ದಾಡುತ್ತಿತ್ತು. ಸುಮಾರು ಒಂದು ತಿಂಗಳು ಇದ್ದು, ಲೀಗ್ ಶುರುವಾಗುವ ಮುಂಚೆಯೇ ಹೊರಟರು. ಈ ಒಂದು ವಿಚಾರದಲ್ಲಿ ಮಾತ್ರ ತಪ್ಪನ್ನು ಅವರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ.

ಇಷ್ಟು ದೊಡ್ಡ ಆಟಗಾರ ಕೋಚ್ ಆಗಿ ಏಕೆ ಗೆಲ್ಲಲಿಲ್ಲ?

‘ಪ್ರತಿಭಾವಂತರಿಗೆ ಕಲಿಸಲು ಬರುವುದಿಲ್ಲ’ ಎಂಬ ಸಿದ್ಧ ಉತ್ತರ ನನಗೆ ಒಪ್ಪಿಗೆಯಿಲ್ಲ. ದೊಡ್ಡ ಆಟಗಾರನೂ ಆಗಿದ್ದ ಅವರ ಗುರು ಕ್ರೈಫ್ ಅವರೇ ಅದಕ್ಕೆ ಅಡ್ಡ ಸಾಕ್ಷಿ.

ನಾನು ಇನ್ನೊಬ್ಬರನ್ನು ಪಕ್ಕಕ್ಕೆ ಇಟ್ಟು ನೋಡುತ್ತೇನೆ: ದಿಮಿತರ್ ಪೆನೆವ್. ಅವರೂ ಆಟಗಾರನಾಗಿ ಮೂರು ವಿಶ್ವಕಪ್ ಕಂಡು ಕೋಚ್ ಆದವರು. ಸಿಎಸ್‌ಕೆಎಯಲ್ಲಿ ಸ್ತೊಯಿಚ್ಕೊವ್ ಅವರನ್ನು ಬೆಳೆಸಿದವರು, 1994ರಲ್ಲಿ ರಾಷ್ಟ್ರೀಯ ತಂಡದ ಕೋಚ್ ಸಹ ಅವರೇ. ಬಲ್ಗೇರಿಯದಲ್ಲಿ ಅವರನ್ನು ‘ತಂತ್ರಗಾರ’ ಎಂದು ಕರೆಯುತ್ತಾರೆ, ಅರ್ಧ ಗೌರವ, ಅರ್ಧ ತಮಾಷೆ. ಏಕೆಂದರೆ ಹಲಗೆಯ ಮೇಲೆ ಗೆರೆ ಎಳೆದು ತಲೆ ತಿನ್ನುವವರಲ್ಲ ಅವರು. ಸ್ತೊಯಿಚ್ಕೊವ್, ಬಾಲಾಕೊವ್, ಲೆಚ್ಕೊವ್ ಮೂವರಿಗೂ ಮೂಗಿನ ತುದಿಯಲ್ಲಿ ಕೋಪ. ಇಂಥವರನ್ನು ತಿದ್ದಲು ಹೋಗದೆ, ಅವರ ಪಾಡಿಗೆ ಬಿಟ್ಟು, ತಾನು ಬೆಂಚಿನಲ್ಲಿ ತಣ್ಣಗೆ ಕೂರುವುದೇ ಪೆನೆವ್ ಅವರ ವಿದ್ಯೆ. ಸ್ತೊಯಿಚ್ಕೊವ್‌ಗೆ ಆ ತಣ್ಣಗೆ ಕೂರುವುದು ಬರಲಿಲ್ಲ. ಮೈದಾನದಲ್ಲಿ ರೆಫರಿ ಕೆಣಕಿದರೆ ಅವರು ಮುಂದಿನ ಚೆಂಡನ್ನು ಬಲೆಗೆ ಬಡಿದು ಸಿಟ್ಟು ತೀರಿಸಿಕೊಳ್ಳುತ್ತಿದ್ದರು. ಬೆಂಚಿನಲ್ಲಿ ಕೂತವನ ಕಾಲಿಗೆ ಚೆಂಡು ಬರುವುದಿಲ್ಲ, ಸಿಟ್ಟೆಲ್ಲ ತನ್ನ ಆಟಗಾರರ ಮೇಲೇ ಹೋಗುತ್ತದೆ.

1994ರ ತಂಡದ ಬೇರೆಯವರು ಕೋಚ್ ಆಗಿ ಏನು ಮಾಡಿದರು?

ಕ್ರಾಸಿಮಿರ್ ಬಾಲಾಕೊವ್ ಸ್ವಿಟ್ಜರ್ಲೆಂಡ್, ಕ್ರೊಯೇಷಿಯಾ, ಜರ್ಮನಿ ಎಲ್ಲ ಸುತ್ತಿ 2019ರಲ್ಲಿ ರಾಷ್ಟ್ರೀಯ ತಂಡಕ್ಕೆ ಬಂದರು. ಅದೇ ಅಕ್ಟೋಬರ್‌ನಲ್ಲಿ ಸೋಫಿಯಾದಲ್ಲಿ ಇಂಗ್ಲೆಂಡ್ ವಿರುದ್ಧ 0-6, ಜೊತೆಗೆ ಪ್ರೇಕ್ಷಕರ ಜನಾಂಗೀಯ ನಿಂದನೆಯ ಅವಮಾನ. ಬಾಲಾಕೊವ್ ರಾಜೀನಾಮೆ ಕೊಟ್ಟರು, ಅಧ್ಯಕ್ಷ ಮಿಹೈಲೊವ್ ಕೂಡ ಆಗ ಇಳಿದರು. ಬಾಲಾಕೊವ್‌ಗೂ ಮುಂಚೆ ಅದೇ 1994ರ ತಂಡದ ಪೆತರ್ ಹುಬ್ಚೆವ್ ಕೋಚ್ ಕುರ್ಚಿಯಲ್ಲಿದ್ದರು. ಲ್ಯುಬೊಸ್ಲಾವ್ ಪೆನೆವ್ ಅವರ ಕಥೆ ಬೇರೆ. ದಿಮಿತರ್ ಪೆನೆವ್‌ಗೆ ಸಂಬಂಧದಲ್ಲಿ ಮಗನಾಗಬೇಕಾದ ಅವರು ಕ್ಯಾನ್ಸರ್ ಚಿಕಿತ್ಸೆಯಿಂದಾಗಿ 1994ರ ವಿಶ್ವಕಪ್‌ಗೆ ಹೋಗಲಾಗಲಿಲ್ಲ. ಕೋಚ್ ಆಗಿ 2011ರಲ್ಲಿ ಲಿತೆಕ್ಸ್‌ಗೆ ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. ಲೆಚ್ಕೊವ್ ಮಾತ್ರ ಕೋಚಿಂಗ್ ಗೊಡವೆಯೇ ಬೇಡವೆಂದು ತನ್ನೂರು ಸ್ಲಿವೆನ್‌ನ ಮೇಯರ್ ಆದರು. ಬಲ್ಗೇರಿಯ ತಂಡ 1998ರ ನಂತರ ಇನ್ನೂ ವಿಶ್ವಕಪ್‌ನಲ್ಲಿ ಕಾಣಿಸಿಕೊಂಡಿಲ್ಲ.

ಕೋಚಿಂಗ್ ಬಿಟ್ಟ ಮೇಲೆ?

ಅಮೆರಿಕದ ಸ್ಪ್ಯಾನಿಷ್ ಭಾಷೆಯ ಟಿವಿಯಲ್ಲಿ ಪಂದ್ಯಗಳ ವಿಶ್ಲೇಷಕ. ಬಾಯಿಗೆ ಬಂದದ್ದನ್ನು ಹೇಳಿದ್ದಕ್ಕೇ ಸಂಬಳ ಸಿಗುವ ಕೆಲಸ, ಅವರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಅವರ ಆಟವನ್ನು ಮೊದಲ ಸಲ ನೋಡುವವರು ಯಾವುದರಿಂದ ಶುರುಮಾಡಬೇಕು?

ಜರ್ಮನಿ ಪಂದ್ಯದ ಕೊನೆಯ ಇಪ್ಪತ್ತು ನಿಮಿಷ. ಗೋಲುಗಳ ತುಣುಕನ್ನಷ್ಟೇ ನೋಡಬೇಡಿ. ಫ್ರೀಕಿಕ್‌ಗೆ ಮುಂಚೆ ಚೆಂಡನ್ನು ನೆಲಕ್ಕಿಟ್ಟು, ಗೋಡೆಯತ್ತ ಒಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ಅವರು ಹಿಂದಕ್ಕೆ ಹೆಜ್ಜೆ ಇಡುವುದನ್ನು ನೋಡಿ. ಓಟ ಚಿಕ್ಕದು, ಮೂರ್ನಾಲ್ಕು ಹೆಜ್ಜೆ. ಚೆಂಡು ಬಲೆಯೊಳಗೆ ಇಳಿಯುವಾಗ ಗೋಲ್‌ಕೀಪರ್‌ನ ಕಾಲು ನೆಲ ಬಿಟ್ಟಿರುವುದಿಲ್ಲ.